ಮನೆಯ ಇಂಟರ್ನೆಟ್ ಸ್ಪೀಡು, ಡೇಟಾ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವ ಯಾವ ಸಾಫ್ಟ್‌ವೇರ್‌ಗೂ ದುಡ್ಡು ಕೊಡಬೇಕಾಗಿಲ್ಲ. ಹೆಚ್ಚಿನವು ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದಾದಂಥವು. ಉದಾಹರಣೆಗೆ ಇಟ್ಟುಕೊಂಡಿರುವುದು ನಮ್ಮ ಕಡೆಯ ಮಾಮೂಲಿ ಮನೆ: ಕಂಬದಿಂದ ಎಳೆದ ಫೈಬರ್, ಹಾಲ್‌ನಲ್ಲಿ ಕಂಪನಿಯವರು ಕೊಟ್ಟ ಡಬ್ಬ (ರೌಟರ್), ನಾಲ್ಕೈದು ಮೊಬೈಲು, ಒಂದು ಟಿವಿ, ಒಂದೆರಡು ಲ್ಯಾಪ್‌ಟಾಪ್.

ಎಲ್ಲಾ ಓದೋಕೆ ಟೈಮಿಲ್ಲ. ಏನು ಹಾಕ್ಕೊಳ್ಳಲಿ ಹೇಳಿ ಸಾಕು.

ಸ್ಪೀಡ್ ನೋಡಲು ಲಿಬ್ರೆಸ್ಪೀಡ್. ಲಿನಕ್ಸ್‌ನಲ್ಲಿ ಡೇಟಾ ಲೆಕ್ಕಕ್ಕೆ ವಿಎನ್‌ಸ್ಟ್ಯಾಟ್. ವಿಂಡೋಸ್‌ನಲ್ಲಿ ಮೊದಲು ಅದರೊಳಗೇ ಇರುವ ಡೇಟಾ ಯೂಸೇಜ್ ಪುಟ, ಸಾಲದಿದ್ದರೆ ಸ್ನಿಫ್‌ನೆಟ್. ಆಂಡ್ರಾಯ್ಡ್‌ನಲ್ಲಿ ಯಾವ ಆ್ಯಪ್ ಡೇಟಾ ಎಳೆಯುತ್ತಿದೆ ಅಂತ ನೋಡಲು ಪಿಕ್ಯಾಪ್‌ಡ್ರಾಯ್ಡ್, ವೈಫೈ ಸಿಗ್ನಲ್ ನೋಡಲು ವೈಫೈಅನಲೈಸರ್. ಇಡೀ ಮನೆಯ ಲೆಕ್ಕ ಬೇಕು ಅಂದರೆ ಮಾತ್ರ ಕಂಪ್ಯೂಟರ್ ಬಿಟ್ಟು ರೌಟರ್‌ಗೇ ಕೈ ಹಾಕಬೇಕು. ಅದಕ್ಕೆ ಕೆಳಗೆ ಓದಲೇಬೇಕು.

ಪ್ಲಾನ್ 100 ಎಂಬಿಪಿಎಸ್ ಅಂತಾರೆ. ಫೈಲ್ ಇಳಿಸಿಕೊಂಡರೆ 11–12 ತೋರಿಸುತ್ತೆ. ಮೋಸ ಅಲ್ವಾ?

ಅಲ್ಲ. ಕಂಪನಿಯವರು ಎಣಿಸುವುದು ಬಿಟ್‌ಗಳಲ್ಲಿ, ಡೌನ್‌ಲೋಡ್ ವಿಂಡೋ ತೋರಿಸುವುದು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100 ಅನ್ನು 8ರಿಂದ ಭಾಗಿಸಿ, 12.5 ಬರುತ್ತದೆ. 11–12 ಸಿಗುತ್ತಿದ್ದರೆ ನಿಮ್ಮ ಲೈನ್ ಚೆನ್ನಾಗಿಯೇ ಇದೆ.

200ರ ಪ್ಲಾನ್‌ಗೆ ಹೋದೆ. ಯಾವಾಗ ನೋಡಿದರೂ 94ಕ್ಕೇ ನಿಲ್ಲುತ್ತೆ, ಒಂದು ಚೂರೂ ಮೇಲೆ ಹೋಗಲ್ಲ.

ಈ ನಂಬರ್ ಕಂಡ ಕೂಡಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಡಿ, ಮೊದಲು ಕೇಬಲ್ ನೋಡಿ. 94 ಅನ್ನುವುದು ಸುಮ್ನೆ ಬರುವ ನಂಬರ್ ಅಲ್ಲ. ಡೇಟಾ ಹೋಗುವುದು ಪ್ಯಾಕೆಟ್ ಅನ್ನುವ ಪುಟ್ಟ ಕಟ್ಟುಗಳಲ್ಲಿ. 1500 ಬೈಟ್‌ನ ಒಂದು ಪ್ಯಾಕೆಟ್ ವೈರಿನ ಮೇಲೆ 1538 ಬೈಟ್ ಜಾಗ ಹಿಡಿಯುತ್ತದೆ. ಆ 1500ರಲ್ಲೂ ವಿಳಾಸ, ಲೆಕ್ಕಪತ್ರ ಅಂತ ಒಂದಿಷ್ಟು ಹೋಗಿ ನಿಮ್ಮ ಡೇಟಾಕ್ಕೆ ಉಳಿಯುವುದು 1450ರ ಆಸುಪಾಸು. ಅಂದರೆ 100 ಎಂಬಿಪಿಎಸ್ ಪೋರ್ಟಿನಲ್ಲಿ (ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ) ನಿಜವಾಗಿ ಸಿಗುವುದು 94 ಅಥವಾ 95. ನಿಮ್ಮ ದಾರಿಯಲ್ಲಿ ಎಲ್ಲೋ ಒಂದು 100ರ ಪೋರ್ಟ್ ಕೂತಿದೆ ಅಂತ ಅರ್ಥ.

ಅದು ಮೂರು ಕಡೆ ಇರಬಹುದು. ರೌಟರ್‌ನ ಲ್ಯಾನ್ ಪೋರ್ಟುಗಳೇ 100ರವು ಇರಬಹುದು, ಕಡಿಮೆ ಬೆಲೆಯವುಗಳಲ್ಲಿ ಇದು ಮಾಮೂಲು. ಹಳೇ ಲ್ಯಾಪ್‌ಟಾಪ್ ಅಥವಾ ಸ್ಮಾರ್ಟ್ ಟಿವಿಯ ಪೋರ್ಟ್ ಹಾಗಿರಬಹುದು. ಮೂರನೆಯದು ಜಾಸ್ತಿ ಸತಾಯಿಸುವಂಥದ್ದು: ಕೇಬಲ್. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲ್‌ನ 8 ವೈರೂ ಬೇಕು, 100ಕ್ಕೆ 4 ಸಾಕು. ಕ್ರಿಂಪ್ ಮಾಡುವಾಗ (ತುದಿಗೆ ಪ್ಲಗ್ ಕೂರಿಸುವಾಗ) ಒಂದು ವೈರ್ ಸರಿಯಾಗಿ ಕೂರದಿದ್ದರೆ, ಅಥವಾ ಬಾಗಿಲ ಸಂದಿಯಲ್ಲಿ ಸಿಕ್ಕಿ ತುಂಡಾದರೆ, ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಇಂಟರ್ನೆಟ್ ನಡೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ಅಂತ ಒಂದು ಸಾಲಿದೆ. ಅಲ್ಲಿ 1000 ಇರಬೇಕಾದ ಕಡೆ 100 ಇದ್ದರೆ ಬೇರೆ ಕೇಬಲ್ ಹಾಕಿ ನೋಡಿ.

ಒಂದೊಂದು ಟೆಸ್ಟ್ ಒಂದೊಂದು ನಂಬರ್ ಕೊಡುತ್ತೆ. ಯಾವುದನ್ನ ನಂಬೋದು?

ಎಲ್ಲವೂ ನಿಜವೇ ಹೇಳುತ್ತವೆ, ಅಳೆಯುವ ದಾರಿ ಬೇರೆ ಅಷ್ಟೇ. ಊಕ್ಲಾದವರ ಸ್ಪೀಡ್‌ಟೆಸ್ಟ್ ಹತ್ತಿರದ ಸರ್ವರ್ ಹುಡುಕಿ ಏಕಕಾಲಕ್ಕೆ ಹಲವು ಕನೆಕ್ಷನ್ ತೆರೆಯುತ್ತದೆ. ಆ ಹತ್ತಿರದ ಸರ್ವರ್ ಬಹಳ ಸಲ ನಿಮ್ಮ ಕಂಪನಿಯವರದೇ ಆಗಿರುತ್ತದೆ. ಹಾಗಾದಾಗ ನೀವು ಅಳೆದದ್ದು ಮನೆಯಿಂದ ಅವರ ಆಫೀಸಿನವರೆಗಿನ ದಾರಿ ಮಾತ್ರ. ಸರ್ವರ್ ಬದಲಿಸಲು ಅಲ್ಲೇ ಅವಕಾಶವಿದೆ, ಬೇರೆ ಕಂಪನಿಯದನ್ನು ಆರಿಸಿ ಇನ್ನೊಮ್ಮೆ ನೋಡಿ. ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ಅಳೆಯುವುದು ನೆಟ್‌ಫ್ಲಿಕ್ಸ್ ಸರ್ವರ್‌ವರೆಗೆ. ಇವೆರಡೂ ಓಪನ್ ಸೋರ್ಸ್ ಅಲ್ಲ.

ಇಂಟರ್ನೆಟ್ ಸ್ಪೀಡಿನ ಮಾಹಿತಿ ಕೂಡಿಡುವ ಎಂ-ಲ್ಯಾಬ್‌ನವರ ಎನ್‌ಡಿಟಿ ಟೆಸ್ಟ್ ಒಂದೇ ಕನೆಕ್ಷನ್‌ನಲ್ಲಿ ಅಳೆಯುತ್ತದೆ, ಹಾಗಾಗಿ ನಂಬರ್ ಸ್ವಲ್ಪ ಕಡಿಮೆ ಬರುವುದು ಸಹಜ. ಅದರ ಫಲಿತಾಂಶವನ್ನು ನಿಮ್ಮ ಐಪಿ ವಿಳಾಸದ ಸಮೇತ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಸಂಶೋಧನೆ ಮಾಡುವವರಿಗೆ ಅದರಿಂದ ಉಪಯೋಗವಿದೆ. ನಿಮಗೆ ಬೇಡ ಅನ್ನಿಸಿದರೆ ಮಾಡಬೇಡಿ.

ನಾನು ಹೇಳುವುದು ಲಿಬ್ರೆಸ್ಪೀಡ್. ಓಪನ್ ಸೋರ್ಸ್, ಜಾಹೀರಾತಿನ ಕಾಟವಿಲ್ಲ, ಬೇಕಾದರೆ ನಿಮ್ಮದೇ ಹಳೇ ಕಂಪ್ಯೂಟರ್‌ನಲ್ಲಿ ಕೂರಿಸಿಕೊಳ್ಳಬಹುದು. ಮ್ಯಾಕ್ ಇದ್ದವರಿಗೆ ಏನೂ ಹಾಕಿಕೊಳ್ಳುವುದು ಬೇಡ: 2021ರ ಮಾಂಟೆರೆಯಿಂದ ಈಚೆಗೆ ಟರ್ಮಿನಲ್‌ನಲ್ಲಿ ನೆಟ್‌ವರ್ಕ್‌ಕ್ವಾಲಿಟಿ ಅನ್ನುವ ಕಮಾಂಡ್ ಇದ್ದೇ ಇದೆ. ಯಾವುದನ್ನೇ ಆರಿಸಿ, ಆಮೇಲೆ ಅದನ್ನೇ ಹಿಡಿದುಕೊಳ್ಳಿ. ಇವತ್ತು ಒಂದರಲ್ಲಿ, ನಾಳೆ ಇನ್ನೊಂದರಲ್ಲಿ ಅಳೆದರೆ ಹೋಲಿಸಿ ನೋಡೋಕೆ ಏನೂ ಉಳಿಯುವುದಿಲ್ಲ.

ನೆಟ್ ನಿಧಾನ. ತಪ್ಪು ಕಂಪನಿಯದಾ, ನಮ್ಮ ವೈಫೈದಾ? ಹೇಗೆ ಗೊತ್ತಾಗೋದು?

ಇಡೀ ಪುಟದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಮಹಡಿ ರೂಮಿನಲ್ಲಿ ಮಂಚದ ಮೇಲೆ ಕೂತು ಮೊಬೈಲ್‌ನಲ್ಲಿ ಮಾಡಿದ ಸ್ಪೀಡ್ ಟೆಸ್ಟ್ ಇದಕ್ಕೆ ಉತ್ತರ ಕೊಡುವುದಿಲ್ಲ. ಅದರಲ್ಲಿ ವೈಫೈ, ರೌಟರ್, ಫೈಬರ್, ಕಂಪನಿಯ ನೆಟ್‌ವರ್ಕ್ ಎಲ್ಲ ಒಟ್ಟಿಗೆ ಕಲಸಿರುತ್ತವೆ. ತುಂಡು ತುಂಡಾಗಿ ಅಳೆಯಬೇಕು.

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರವಾಗಿ ರೌಟರ್‌ಗೆ ಸಿಕ್ಕಿಸಿ, ಮನೆಯವರ ಉಳಿದ ಮೊಬೈಲುಗಳ ವೈಫೈ ಐದು ನಿಮಿಷ ಆಫ್ ಮಾಡಿಸಿ ಟೆಸ್ಟ್ ಮಾಡಿ. ಇದು ಲೈನಿನ ನಿಜವಾದ ಸ್ಪೀಡು. ಕೇಬಲ್ ಕಿತ್ತು ಅಲ್ಲೇ ವೈಫೈನಲ್ಲಿ ಮತ್ತೊಮ್ಮೆ ಮಾಡಿ. ಆಮೇಲೆ ಮಹಡಿಗೆ ಹೋಗಿ ಮಾಡಿ. ಕೇಬಲ್‌ನಲ್ಲಿ 95, ಹಾಲ್‌ನಲ್ಲಿ 88, ಮಹಡಿಯಲ್ಲಿ 14 ಬಂದರೆ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ಕೇಬಲ್‌ನಲ್ಲೇ 14 ಬಂದರೆ ಧಾರಾಳವಾಗಿ ಫೋನ್ ಮಾಡಿ.

ಇಂಟರ್ನೆಟ್ಟನ್ನು ಪೂರ್ತಿ ಪಕ್ಕಕ್ಕಿಟ್ಟು ವೈಫೈ ಒಂದನ್ನೇ ಅಳೆಯಬೇಕಾ? ಅದಕ್ಕೆ ಐಪರ್ಫ್3 ಇದೆ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನವರು ನೋಡಿಕೊಳ್ಳುವ ಪುಟ್ಟ ಪ್ರೋಗ್ರಾಂ. ರೌಟರ್‌ಗೆ ಕೇಬಲ್‌ನಲ್ಲಿ ಸಿಕ್ಕಿಸಿದ ಒಂದು ಕಂಪ್ಯೂಟರ್‌ನಲ್ಲಿ ಅದನ್ನು ಸರ್ವರ್ ಆಗಿ ಓಡಿಸಿ, ಇನ್ನೊಂದು ಲ್ಯಾಪ್‌ಟಾಪ್ ಹಿಡಿದು ರೂಮಿಂದ ರೂಮಿಗೆ ಓಡಾಡಿ. ಒಂದು ಬೈಟ್ ಕೂಡ ಮನೆಯಾಚೆ ಹೋಗುವುದಿಲ್ಲ, ಪ್ಲಾನಿನ ಡೇಟಾನೂ ಖರ್ಚಾಗಲ್ಲ.

ಬಿಟ್ಟು ಬಿಟ್ಟು ತೊಂದರೆ ಕೊಡುವ ಲೈನಿಗೆ ಪಿಂಗ್ ಉತ್ತಮ. ಒಂದು ವಿಳಾಸಕ್ಕೆ ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಹೇಳುವ ಕಮಾಂಡ್ ಅದು. ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ರೌಟರ್‌ಗೆ ಪಿಂಗ್, ಸಾಮಾನ್ಯವಾಗಿ ಅದರ ವಿಳಾಸ 192.168.1.1 ಅಥವಾ 192.168.0.1. ಇನ್ನೊಂದರಲ್ಲಿ ಹೊರಗಿನ 1.1.1.1ಕ್ಕೆ. ಎರಡನ್ನೂ ಓಡಲು ಬಿಟ್ಟು ನಿಮ್ಮ ಕೆಲಸ ಮಾಡಿ. ವಿಡಿಯೋ ನಿಂತ ಕ್ಷಣ ಎರಡೂ ಕಿಟಕಿ ನೋಡಿ. ರೌಟರ್‌ನ ಪಿಂಗೇ ಎಗರಾಡುತ್ತಿದ್ದರೆ ವೈಫೈ. ರೌಟರ್ 2–3 ಮಿಲಿಸೆಕೆಂಡಿನಲ್ಲಿ ನೆಮ್ಮದಿಯಾಗಿದ್ದು ಹೊರಗಿನದು ಮಾತ್ರ ತಪ್ಪುತ್ತಿದ್ದರೆ ಲೈನ್.

ದಾರಿಯ ಒಂದೊಂದು ನಿಲ್ದಾಣವನ್ನೂ ತೋರಿಸುವ ಎಂಟಿಆರ್ ಇದೆ, ವಿಂಡೋಸ್‌ನಲ್ಲಿ ಅದು ವಿನ್‌ಎಂಟಿಆರ್. ಅದನ್ನು ಓದುವಾಗ ಒಂದು ಎಚ್ಚರ: ಮಧ್ಯದ ಯಾವುದೋ ಸಾಲಿನಲ್ಲಿ 60–70 ಶೇಕಡಾ ಲಾಸ್ (ಉತ್ತರ ಬಾರದೆ ಹೋದವು) ಕಂಡು ಗಾಬರಿ ಬೀಳಬೇಡಿ. ದೊಡ್ಡ ರೌಟರ್‌ಗಳು ಪಿಂಗ್‌ಗೆ ಉತ್ತರ ಕೊಡುವುದನ್ನು ಕೊನೆಯ ಕೆಲಸ ಅಂತ ಇಟ್ಟುಕೊಂಡಿರುತ್ತವೆ. ಲಾಸ್ ಒಂದು ಸಾಲಿನಲ್ಲಿ ಶುರುವಾಗಿ ಕೊನೆಯ ಸಾಲಿನವರೆಗೂ ಹಾಗೇ ಮುಂದುವರಿದರೆ ಮಾತ್ರ ಅದಕ್ಕೆ ಬೆಲೆ.

ವೈಫೈದೇ ತೊಂದರೆ ಅಂತ ಗೊತ್ತಾಯ್ತು. ಈಗ?

ವೈಫೈಅನಲೈಸರ್ ಹಾಕಿಕೊಂಡು ಸುತ್ತಲಿನ ಸಿಗ್ನಲ್‌ಗಳನ್ನು ನೋಡಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ತೆರೆದರೆ ಗ್ರಾಫ್ ತುಂಬಾ ಅಕ್ಕಪಕ್ಕದವರ ಹೆಸರುಗಳೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದೆ ಇರುವ ಚಾನೆಲ್‌ಗಳು ಮೂರೇ: 1, 6, 11. ಮೂರರಲ್ಲಿ ಕಡಿಮೆ ಗಲಾಟೆ ಇರುವುದನ್ನು ಆರಿಸಿ. ಯಾರೂ ಇಲ್ಲ ಅಂತ 3 ಅಥವಾ 8ಕ್ಕೆ ಹೋದರೆ ಎರಡೂ ಕಡೆಯವರ ಗಲಾಟೆ ನಿಮಗೇ. ಒಂದೇ ಕೋಣೆಯಲ್ಲಾದರೆ 5 ಗಿಗಾಹರ್ಟ್ಸ್ ಬಳಸಿ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ ಮಾತ್ರ 5 ಗಿಗಾಹರ್ಟ್ಸ್ ಎರಡನೇ ಗೋಡೆ ದಾಟುವಷ್ಟರಲ್ಲಿ ಸೋತಿರುತ್ತದೆ. ಅಲ್ಲಿ ಒಂದು ಲ್ಯಾನ್ ಕೇಬಲ್ ಎಳೆದು ಆ ತುದಿಗೆ ಇನ್ನೊಂದು ರೌಟರ್ ಇಡುವುದೇ ಸರಿ.

ಆ್ಯಪ್ ಲೊಕೇಶನ್ ಅನುಮತಿ ಕೇಳಿದರೆ ಹೆದರಬೇಡಿ, ವೈಫೈ ಹುಡುಕಲು ಅದು ಬೇಕು ಅನ್ನುವುದು ಆಂಡ್ರಾಯ್ಡ್‌ನ ನಿಯಮ. ಎರಡು ನಿಮಿಷಕ್ಕೆ ನಾಲ್ಕೇ ಸಲ ಹುಡುಕಲು ಬಿಡುವುದೂ ಆಂಡ್ರಾಯ್ಡೇ, ಹಾಗಾಗಿ ಗ್ರಾಫ್ ನಿಧಾನಕ್ಕೆ ಬದಲಾಗುತ್ತದೆ. ಐಫೋನ್‌ನಲ್ಲಿ ಬೇರೆಯವರ ಆ್ಯಪ್‌ಗಳಿಗೆ ಈ ಅವಕಾಶವಿಲ್ಲ. ಆಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು.

ಸ್ಪೀಡ್ ಟೆಸ್ಟ್‌ನಲ್ಲಿ ಫುಲ್ ಬರುತ್ತೆ. ಆದರೂ ಮೀಟಿಂಗ್‌ನಲ್ಲಿ ಧ್ವನಿ ಕಟ್ ಕಟ್ ಆಗುತ್ತೆ.

ಅದೇ ಹೊತ್ತಿಗೆ ಯಾರದ್ದೋ ಮೊಬೈಲ್ ಮದುವೆ ವಿಡಿಯೋಗಳನ್ನು ಬ್ಯಾಕಪ್ ಮಾಡುತ್ತಿರುತ್ತದೆ. ಅಪ್‌ಲೋಡ್ ತುಂಬಿದಾಗ ರೌಟರ್ ಪ್ಯಾಕೆಟ್‌ಗಳನ್ನು ಬಿಸಾಡದೆ ಉದ್ದ ಸಾಲಿನಲ್ಲಿ ನಿಲ್ಲಿಸುತ್ತದೆ. ನಿಮ್ಮ ಧ್ವನಿಯ ಪುಟ್ಟ ಪ್ಯಾಕೆಟ್ ಟೋಲ್ ಗೇಟಿನಲ್ಲಿ ನೂರು ಲಾರಿಯ ಹಿಂದೆ ಸಿಕ್ಕಿಕೊಂಡ ಸ್ಕೂಟರ್ ಥರ ಕಾಯುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಪರೀಕ್ಷೆ ಸುಲಭ: ಪಿಂಗ್ ಓಡಿಸಿಟ್ಟು ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. 10–15 ಮಿಲಿಸೆಕೆಂಡ್ ಇದ್ದದ್ದು ಮುನ್ನೂರು ನಾನೂರಕ್ಕೆ ಹೋದರೆ ಇದೇ ಕಾಯಿಲೆ.

ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ನ ಮೂಲ ಸಾಫ್ಟ್‌ವೇರ್ ಬದಲಿಗೆ ಹಾಕುವ ಓಪನ್ ಸೋರ್ಸ್ ಸಾಫ್ಟ್‌ವೇರ್) ಇರುವ ರೌಟರ್‌ನಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಅದರಲ್ಲಿ ಕೇಕ್ ಅನ್ನುವ ವಿಧಾನ ಆರಿಸಿ, ಸ್ಪೀಡ್ ಮಿತಿಯನ್ನು ಲೈನಿನ 90 ಶೇಕಡಾದ ಹತ್ತಿರ ಇಡಿ. ಟೆಸ್ಟ್‌ನಲ್ಲಿ ನಂಬರ್ ಸ್ವಲ್ಪ ಇಳಿಯುತ್ತದೆ, ಮೀಟಿಂಗ್ ಸರಿಯಾಗುತ್ತದೆ. ಇಷ್ಟೆಲ್ಲ ಬೇಡ ಅನ್ನುವವರು ಬ್ಯಾಕಪ್ಪನ್ನು ರಾತ್ರಿಗೆ ಹಾಕಲಿ.

ತಿಂಗಳು ಮುಗಿಯೋ ಮುಂಚೆ ಡೇಟಾ ಖಾಲಿ. ನಾವು ಅಷ್ಟು ಬಳಸೋದೇ ಇಲ್ಲ. ಯಾರು ತಿಂತಿದ್ದಾರೆ?

ಮೊದಲು ಪೆನ್ನು ಕಾಗದದ ಲೆಕ್ಕ. ನೆಟ್‌ಫ್ಲಿಕ್ಸ್‌ನವರೇ ಹೇಳುವಂತೆ ಎಚ್‌ಡಿ ನೋಡಿದರೆ ಗಂಟೆಗೆ 3 ಜಿಬಿವರೆಗೆ, 4ಕೆ ಆದರೆ 7 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ ಐದು ಗಂಟೆ 4ಕೆ ಟಿವಿ ಓಡಿದರೆ ತಿಂಗಳಿಗೆ ಒಂದು ಸಾವಿರ ಜಿಬಿ ದಾಟುತ್ತದೆ.

ಇನ್ನೊಂದು, ಯಾರೂ ಲೆಕ್ಕಕ್ಕೆ ಹಿಡಿಯದ ಸಿಸಿ ಕ್ಯಾಮೆರಾ. ಚಿತ್ರ ಮನೆಯೊಳಗಿನ ಡಿವಿಆರ್‌ಗೇ ಹೋಗುತ್ತಿದ್ದರೆ ಇಂಟರ್ನೆಟ್ ಖರ್ಚಿಲ್ಲ. ಕ್ಲೌಡ್‌ಗೆ ದಿನವಿಡೀ ಕಳಿಸುವ ಥರದ್ದಾದರೆ, 2 ಎಂಬಿಪಿಎಸ್‌ನ ಒಂದೇ ಕ್ಯಾಮೆರಾ ದಿನಕ್ಕೆ 21.6 ಜಿಬಿ, ತಿಂಗಳಿಗೆ 648 ಜಿಬಿ. ಗೇಟಿಗೆ ಒಂದು, ಹಿತ್ತಲಿಗೆ ಒಂದು ಅಂತ ಹಾಕಿದರೆ 1300 ಜಿಬಿ ಹತ್ತಿರ. ಅದಕ್ಕೇ ಚಲನೆ ಕಂಡಾಗ ಮಾತ್ರ ಕಳಿಸುವಂತೆ ಸೆಟ್ ಮಾಡಿ.

ಆಮೇಲೆ ಒಂದೊಂದೇ ಯಂತ್ರ ನೋಡಿ. ವಿಂಡೋಸ್‌ನ ಡೇಟಾ ಯೂಸೇಜ್ ಪುಟ ಆ್ಯಪ್‌ವಾರು ಲೆಕ್ಕ ಕೊಡುತ್ತದೆ. ಆಂಡ್ರಾಯ್ಡ್‌ನಲ್ಲೂ ವೈಫೈ ಡೇಟಾ ಯೂಸೇಜ್ ಅಂತ ಬೇರೆಯಾಗಿ ಇದೆ, ಜನ ಮೊಬೈಲ್ ಡೇಟಾದ್ದನ್ನಷ್ಟೇ ನೋಡಿ ಬಿಟ್ಟುಬಿಡುತ್ತಾರೆ. ಲಿನಕ್ಸ್‌ನಲ್ಲಿ ಈ ಕ್ಷಣ ಯಾವ ಪ್ರೋಗ್ರಾಂ ಎಳೆಯುತ್ತಿದೆ ಅನ್ನುವುದಕ್ಕೆ ನೆಟ್‌ಹಾಗ್ಸ್, ಗಂಟೆ, ದಿನ, ತಿಂಗಳ ಲೆಕ್ಕಕ್ಕೆ ವಿಎನ್‌ಸ್ಟ್ಯಾಟ್. ವಿಎನ್‌ಸ್ಟ್ಯಾಟ್ ಪ್ಯಾಕೆಟ್ ಬಿಚ್ಚಿ ನೋಡುವುದಿಲ್ಲ, ಲಿನಕ್ಸಿನ ತಿರುಳಾದ ಕರ್ನೆಲ್ ಇಟ್ಟಿರುವ ಎಣಿಕೆಯನ್ನೇ ಓದಿ ಬರೆದಿಡುತ್ತದೆ. ಅದಕ್ಕೇ ಅಷ್ಟು ಹಗುರ. ಆದರೆ ಹಾಕಿದ ದಿನದಿಂದ ಮಾತ್ರ ಲೆಕ್ಕ, ಹಿಂದಿನದು ಸಿಗಲ್ಲ. ಮನೆಯೊಳಗೇ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಸಿನಿಮಾ ಕಾಪಿ ಮಾಡಿದರೂ ಅದರಲ್ಲಿ ಸೇರುತ್ತದೆ, ಕಂಪನಿಯ ಲೆಕ್ಕಕ್ಕೆ ಅದು ಬರುವುದಿಲ್ಲ. ಎರಡೂ ತಾಳೆಯಾಗದಿದ್ದರೆ ಇದನ್ನು ನೆನಪಿಡಿ.

ವೈರ್‌ಶಾರ್ಕ್ ಹಾಕಿದೆ. ನನ್ನ ಲ್ಯಾಪ್‌ಟಾಪ್‌ದು ಮಾತ್ರ ಕಾಣುತ್ತೆ, ಮಕ್ಕಳ ಮೊಬೈಲ್‌ದು ಕಾಣಲ್ಲ.

ಕಾಣುವುದಿಲ್ಲ. ವೈರ್‌ಶಾರ್ಕ್ ತೋರಿಸುವುದು ಅದನ್ನು ಹಾಕಿದ ಕಂಪ್ಯೂಟರ್‌ಗೆ ಬಂದು ಹೋಗುವ ಪ್ಯಾಕೆಟ್‌ಗಳನ್ನು. ಮಕ್ಕಳ ಮೊಬೈಲ್‌ನ ಪ್ಯಾಕೆಟ್ ನಿಮ್ಮ ಲ್ಯಾಪ್‌ಟಾಪ್ ಕಡೆಗೆ ಬರುವುದೇ ಇಲ್ಲ, ರೌಟರ್ ಅದನ್ನು ನೇರ ಹೊರಗೆ ಕಳಿಸುತ್ತದೆ. 1998ರಲ್ಲಿ ಈಥೀರಿಯಲ್ ಅಂತ ಶುರುವಾಗಿ 2006ರಲ್ಲಿ ಹೆಸರು ಬದಲಿಸಿಕೊಂಡ ವೈರ್‌ಶಾರ್ಕ್ ಅದ್ಭುತ ಸಾಫ್ಟ್‌ವೇರೇ. ಆದರೆ ತಿಂಗಳ ಡೇಟಾ ಲೆಕ್ಕಕ್ಕೆ ಅದು ತೀರಾ ಜಾಸ್ತಿಯಾಯಿತು. ಒಂದೊಂದು ಪ್ಯಾಕೆಟ್ಟನ್ನೂ ಉಳಿಸುತ್ತಾ ಹೋಗಿ ಡಿಸ್ಕ್ ತುಂಬಿಸಿಬಿಡುತ್ತದೆ.

ಹಾಗಾದರೆ ಇಡೀ ಮನೆಯ ಲೆಕ್ಕ ಹೇಗೆ?

ರೌಟರ್‌ನಲ್ಲಿ. ಮೊದಲು ಈಗಿರುವ ರೌಟರ್‌ನ ಪುಟ ತೆರೆದು ನೋಡಿ, ಕೆಲವದರಲ್ಲಿ ಯಾವ ಸಾಧನ ಎಷ್ಟು ಎಳೆಯಿತು ಅಂತ ಆಗಲೇ ಇರುತ್ತದೆ. ಇಲ್ಲದಿದ್ದರೆ ಓಪನ್‌ಡಬ್ಲ್ಯುಆರ್‌ಟಿ ಮತ್ತು ಅದರಲ್ಲಿ ಎನ್‌ಎಲ್‌ಬಿಡಬ್ಲ್ಯುಮಾನ್ ಅನ್ನುವ ಪ್ಯಾಕೇಜ್. ಸಾಧನವಾರು, ತಿಂಗಳವಾರು ಲೆಕ್ಕ ಬ್ರೌಸರ್‌ನಲ್ಲೇ ಕಾಣುತ್ತದೆ. ರೌಟರ್‌ನಲ್ಲಿ ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ನೇರ ಚಿಪ್ಪೇ ದಾಟಿಸುವ ಸೆಟ್ಟಿಂಗ್) ಆನ್ ಇದ್ದರೆ ಲೆಕ್ಕ ಕಡಿಮೆ ಬರಬಹುದು, ಆಫ್ ಮಾಡಿ.

ಕಂಪನಿಯವರು ಕೊಟ್ಟ ಡಬ್ಬಕ್ಕೇ ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದಾ?

ಹೆಚ್ಚಿನವಕ್ಕೆ ಆಗುವುದಿಲ್ಲ, ಪ್ರಯತ್ನವೂ ಬೇಡ. ಅದು ಅವರ ಸ್ವತ್ತು, ಕೆಟ್ಟರೆ ನೆಟ್ ಪೂರ್ತಿ ಬಂದ್. ಅದರ ಹಿಂದೆ ನಿಮ್ಮದೇ ಒಂದು ರೌಟರ್ ಸಿಕ್ಕಿಸಿ, ಮನೆಯ ಎಲ್ಲವನ್ನೂ ಅದಕ್ಕೆ ಜೋಡಿಸಿ, ಕಂಪನಿಯ ಡಬ್ಬದ ವೈಫೈ ಆಫ್ ಮಾಡಿ. ಕೊಳ್ಳುವ ಮೊದಲು ಓಪನ್‌ಡಬ್ಲ್ಯುಆರ್‌ಟಿಯ ಹಾರ್ಡ್‌ವೇರ್ ಪಟ್ಟಿಯಲ್ಲಿ ಆ ಮಾಡೆಲ್, ಅದರ ವರ್ಷನ್ ನಂಬರ್ ಸಮೇತ ಇದೆಯಾ ನೋಡಿ. ಹೊರಗಿನ ಪೆಟ್ಟಿಗೆ ಒಂದೇ ಇದ್ದು ಒಳಗಿನ ಚಿಪ್ ಬೇರೆ ಇರುವುದುಂಟು. 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್‌ಗಿಂತ ಕಡಿಮೆ ಇರುವುದು ಬೇಡ.

ಪೈ-ಹೋಲ್ ಹಾಕಿದರೆ ಸಾಕಲ್ವಾ?

ಪೈ-ಹೋಲ್ ಅಥವಾ ಆಡ್‌ಗಾರ್ಡ್ ಹೋಮ್ ಯಾವ ಸಾಧನ ಯಾವ ವೆಬ್‌ಸೈಟಿನ ಹೆಸರು ಕೇಳಿತು ಅಂತ ಹೇಳುತ್ತವೆ, ಎಷ್ಟು ಜಿಬಿ ಹೋಯಿತು ಅಂತ ಹೇಳುವುದಿಲ್ಲ. ಜಾಹೀರಾತು ತಡೆಯಲು, ಟಿವಿ ರಾತ್ರಿಯೆಲ್ಲ ಯಾರ ಜೊತೆ ಮಾತಾಡುತ್ತಿದೆ ಅಂತ ತಿಳಿಯಲು ಬಹಳ ಚೆನ್ನಾಗಿವೆ. ರಾಸ್‌ಬೆರಿ ಪೈಯೇ ಬೇಕು ಅಂತಿಲ್ಲ, ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ಆಗುತ್ತದೆ. ಮೊಬೈಲ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ (ಸೈಟಿನ ಹೆಸರು ಕೊಟ್ಟು ವಿಳಾಸ ಕೇಳುವ ಸೆಟ್ಟಿಂಗ್) ಬೇರೆ ಸರ್ವರ್ ಕೊಟ್ಟಿದ್ದರೆ ಅದು ಇವನ್ನು ದಾಟಿ ಹೋಗುತ್ತದೆ.

ರೌಟರ್‌ನ ಪಟ್ಟಿಯಲ್ಲಿ ಗೊತ್ತಿಲ್ಲದ ಸಾಧನಗಳಿವೆ. ಪಕ್ಕದ ಮನೆಯವರಾ?

ಇರಬಹುದು, ಆದರೆ ಮೊದಲೇ ಜಗಳಕ್ಕೆ ಹೋಗಬೇಡಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಮೊಬೈಲುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಕೊಡದೆ ಯಾವುದೋ ಒಂದನ್ನು ಹುಟ್ಟಿಸಿ ಕೊಡುತ್ತವೆ. ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅಂಥದ್ದೇ. ಬಹುಶಃ ನಿಮ್ಮ ಅತ್ತೆಯ ಮೊಬೈಲೇ ಇರುತ್ತದೆ. ಅನುಮಾನ ಉಳಿದರೆ ವೈಫೈ ಪಾಸ್‌ವರ್ಡ್ ಬದಲಿಸಿ, ಯಾರು ಬಂದು ಕೇಳುತ್ತಾರೆ ನೋಡಿ.

ಮನೆಯವರು ಏನು ನೋಡ್ತಾರೆ ಅಂತ ತಿಳಿಯಬಹುದಾ?

ಸೈಟಿನ ಹೆಸರು ಕಾಣಬಹುದು, ಒಳಗೆ ಓದಿದ್ದು, ಬರೆದದ್ದು ಕಾಣುವುದಿಲ್ಲ, ಎಚ್‌ಟಿಟಿಪಿಎಸ್ ಅದನ್ನು ಮುಚ್ಚಿರುತ್ತದೆ. ಹೆಸರು ಕಂಡರೂ ದೊಡ್ಡವರ ಲಾಗ್ ಓದುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಇಂಥದ್ದೊಂದು ಹಾಕಿದ್ದೇನೆ ಅಂತ ಮನೆಯಲ್ಲಿ ಹೇಳಿಬಿಡಿ. ಪಿಜಿ, ಹಾಸ್ಟೆಲ್, ಆಫೀಸಿನ ನೆಟ್‌ವರ್ಕ್‌ನಲ್ಲಿ ಈ ಯಾವುದನ್ನೂ ಮಾಡಬೇಡಿ.

ಪ್ಲೇ ಸ್ಟೋರ್‌ನಲ್ಲಿ ಡೇಟಾ ಮಾನಿಟರ್ ಅಂತ ಬೇಕಾದಷ್ಟು ಫ್ರೀ ಆ್ಯಪ್ ಇವೆಯಲ್ಲ?

ಇವೆ. ನಿಮ್ಮ ಟ್ರಾಫಿಕ್ ಎಣಿಸುವ ಆ್ಯಪ್‌ಗೆ ನಿಮ್ಮ ಟ್ರಾಫಿಕ್ ಕಾಣುತ್ತದೆ ಅನ್ನುವುದು ನೆನಪಿರಲಿ. ಒನಾವೊ ಅನ್ನುವ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡಿತು. ಅದರ ಫ್ರೀ ವಿಪಿಎನ್ ಆ್ಯಪ್ (ಫೋನಿನ ಟ್ರಾಫಿಕ್ಕನ್ನು ತನ್ನ ಮೂಲಕ ಕಳಿಸುವಂಥದ್ದು) ಜನರನ್ನು ಕಾಪಾಡುತ್ತೇನೆ ಅಂತ ಹೇಳಿಕೊಂಡು, ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅನ್ನುವ ಮಾಹಿತಿಯನ್ನು ಫೇಸ್‌ಬುಕ್‌ಗೆ ಕೊಡುತ್ತಿತ್ತು. 2018ರಲ್ಲಿ ಅದು ಆಪಲ್ ಸ್ಟೋರ್‌ನಿಂದ ಹೊರಬಿತ್ತು, 2023ರಲ್ಲಿ ಆಸ್ಟ್ರೇಲಿಯಾದ ಕೋರ್ಟ್ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಪಿಕ್ಯಾಪ್‌ಡ್ರಾಯ್ಡ್ ಕೂಡ ವಿಪಿಎನ್ ಅನುಮತಿ ಕೇಳುತ್ತದೆ, ಆದರೆ ಫೋನಿನೊಳಗೇ ಕೆಲಸ ಮುಗಿಸುತ್ತದೆ, ಹೊರಗಿನ ಸರ್ವರ್‌ಗೆ ಕಳಿಸುವುದಿಲ್ಲ. ಕೋಡ್ ತೆರೆದೇ ಇದೆ.

ಗಂಟೆಗೊಮ್ಮೆ ತಾನೇ ಸ್ಪೀಡ್ ಟೆಸ್ಟ್ ಆಗೋ ಹಾಗೆ ಮಾಡಬಹುದಾ?

ಮಾಡಬಹುದು, ಸ್ಪೀಡ್‌ಟೆಸ್ಟ್ ಟ್ರ್ಯಾಕರ್ ಅದಕ್ಕೇ ಇದೆ, ಗ್ರಾಫ್ ಸಮೇತ. ಆದರೆ ಟೆಸ್ಟೇ ಡೇಟಾ ತಿನ್ನುತ್ತದೆ. 100 ಎಂಬಿಪಿಎಸ್ ಲೈನಿನಲ್ಲಿ 10 ಸೆಕೆಂಡ್ ಡೌನ್‌ಲೋಡ್ ಅಂದರೆ 125 ಎಂಬಿ, ಅಪ್‌ಲೋಡೂ ಅಷ್ಟೇ ಅಂತ ಇಟ್ಟುಕೊಳ್ಳಿ. ಸೇರಿ 250 ಎಂಬಿ. ಗಂಟೆಗೊಮ್ಮೆಯಾದರೆ ದಿನಕ್ಕೆ 6 ಜಿಬಿ, ತಿಂಗಳಿಗೆ 180 ಜಿಬಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ 9ಕ್ಕೆ ಮಾಡಿದರೆ ಧಾರಾಳ ಸಾಕು. ಪಿಂಗ್ ಆದರೆ ದಿನವಿಡೀ ಓಡಲಿ, ಖರ್ಚು ಲೆಕ್ಕಕ್ಕಿಲ್ಲ.

ಡಬ್ಬದಲ್ಲಿ ಎಲ್‌ಒಎಸ್ ಕೆಂಪು ಲೈಟ್.

ಫೈಬರ್‌ನಿಂದ ಬೆಳಕು ಬರುತ್ತಿಲ್ಲ. ಯಾವ ಸಾಫ್ಟ್‌ವೇರೂ ಬೇಡ, ಕೇಬಲ್‌ನವರಿಗೆ ಫೋನ್ ಮಾಡಿ. ಮಳೆಗಾಲದ ಮಲೆನಾಡಿನಲ್ಲಿ ಎಲ್ಲೋ ಮರ ಬಿದ್ದಿರುತ್ತದೆ, ಬೆಂಗಳೂರಿನಲ್ಲಾದರೆ ಯಾರೋ ರಸ್ತೆ ಅಗೆದಿರುತ್ತಾರೆ. ಲೈಟ್ ಕೆಂಪಾಗದೆ ನೆಟ್ ಮಾತ್ರ ಬಿಟ್ಟು ಬಿಟ್ಟು ಹೋಗುತ್ತಿದ್ದರೆ ಡಬ್ಬದ ಪುಟದಲ್ಲಿ ಆಪ್ಟಿಕಲ್ ಪವರ್ ನೋಡಿ. ಆರ್‌ಎಕ್ಸ್ ಅಂತ ಇರುವ ನಂಬರ್ ಮೈನಸ್ 27 ಡಿಬಿಎಂ ಹತ್ತಿರ ಹೋಗಿದ್ದರೆ ಬೆಳಕು ಕ್ಷೀಣಿಸಿದೆ. ಸೋಫಾದ ಹಿಂದೆ ಮಡಚಿಕೊಂಡಿರುವ ಹಳದಿ ವೈರನ್ನು ಮೊದಲು ನೇರ ಮಾಡಿ. ಫೋನ್ ಮಾಡಿದಾಗ ಆ ನಂಬರ್ ಹೇಳಿದರೆ ಮಾತು ಬೇಗ ಮುಗಿಯುತ್ತದೆ, ರೌಟರ್ ಆಫ್ ಮಾಡಿ ಆನ್ ಮಾಡಿ ಅನ್ನುವ ಪಾಠ ತಪ್ಪುತ್ತದೆ.

ದಾಖಲೆ ಎಲ್ಲ ಇದೆ. ದೂರು ಎಲ್ಲಿ ಕೊಡಲಿ? ಟ್ರಾಯ್‌ಗಾ?

ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಮೊದಲು ಕಂಪನಿಯ ಕಂಪ್ಲೇಂಟ್ ಸೆಂಟರ್, ಅಲ್ಲಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ, 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯೂ ಇಟ್ಟಿರಬೇಕು. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಹಾಕಬಹುದು. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಡೇಟಾ ಮಿತಿ ಮುಗಿದ ಮೇಲಿನ ಸ್ಪೀಡಿನ ಜಗಳವಾದರೆ ಇದು ಗೊತ್ತಿರಲಿ: ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇರಬೇಕು ಅಂತ 2023ರ ಜನವರಿಯಲ್ಲಿ ಇಲಾಖೆ ಬದಲಿಸಿದೆ. ಅದಕ್ಕೆ ಮುಂಚೆ 512 ಕೆಬಿಪಿಎಸ್ ಇತ್ತು.

ಲಗತ್ತಿಸುವ ಸ್ಕ್ರೀನ್‌ಶಾಟ್‌ಗಳೆಲ್ಲ ಲ್ಯಾನ್ ಕೇಬಲ್‌ನಲ್ಲಿ ಮಾಡಿದ ಟೆಸ್ಟ್‌ನವೇ ಇರಲಿ. ವೈಫೈದು ಒಂದು ಸೇರಿದ್ದರೂ ಉತ್ತರ ಅದರ ಮೇಲೇ ಬರುತ್ತದೆ. ದಿನಾಂಕ, ಸಮಯ, ಸರ್ವರ್ ಹೆಸರು ಮೂರೂ ಕಾಣುವಂತೆ ತೆಗೆಯಿರಿ, ಒಂದೇ ದಿನದ್ದಲ್ಲ, ಒಂದು ವಾರದ್ದು.